ಮಾಳಿಗೆಯ ತಂತಿ, ಪಡಸಾಲೆಯ ಟಿ.ವಿ.

ನಮ್ಮ ಮನೆಯಲ್ಲಿ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಒಬ್ಬರು ನನ್ನ ಅಪ್ಪ, ಇನ್ನೊಬ್ಬ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ, ನಮ್ಮ ಶಿವಾನಂದ ಕಾಕಾ. ಮಾತು ಬಿಟ್ಟವರು ದೂರ ದೂರ ಇರುತ್ತಾರೆಂದು ಯಾರಾದರೂ ತಿಳಿದಿದ್ದರೆ ಅವರು ಬೆಟಗೇರಿಯ ನಮ್ಮ ಪಡಸಾಲೆಯನ್ನು ನೋಡಿಲ್ಲ ಎಂದರ್ಥ. ಇವರಿಬ್ಬರೂ ಒಂದೇ ಸೂರಿನ ಕೆಳಗೆ ಇದ್ದರು. ಒಂದೇ ಸಾಲಿನಲ್ಲಿ ಉಣ್ಣಲು ಕೂರುತ್ತಿದ್ದರು. ಗದಗಿನ ಹತ್ತಿ ದಲಾಲಿ ಅಂಗಡಿಯಲ್ಲಿ ಒಂದೇ ಗಾದಿಯ ಮೇಲೆ ಮಗ್ಗುಲಿಗೆ ಮಗ್ಗುಲು ಕೂತು ವ್ಯಾಪಾರ ಮಾಡುತ್ತಿದ್ದರು. ಅಲ್ಲಿ ಹತ್ತಿ ತಂದ ರೈತರೇ ಅವರ ನಡುವಿನ ದೂತರು. "ಯಳವತ್ತಿ ಗೌಡ್ರ, ತೂಕ ಸರೀಗಿ ನೋಡು ಅಂತ ಅವಗ ಸ್ವಲ್ಪ ಹೇಳ್ರಿ" ಎಂದು ಅಪ್ಪ ಅಂದರೆ, ಪಾಪ, ಆ ಗೌಡರು ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದ ಕಾಕಾನಿಗೆ ಅದನ್ನೇ ತಿರುಗಿ ಹೇಳಬೇಕು. ಮನೆಯಲ್ಲಿ ಆ ಚಾಕರಿ ನನ್ನದು. ನಾನು ಒಬ್ಬಳೇ ಮಗಳು, ಕಾಕಾನಿಗೆ ಮಕ್ಕಳಿರಲಿಲ್ಲ.

"ಗಿರಿಜಾ, ನಾಳೆ ಹರ್ತಿ ಹೊಲಕ್ಕ ಅವನ ಹೋಗ್ಬೇಕಂತ ನಿಮ್ಮ ಕಾಕಾಗ ಹೇಳು."

"ಕಾಕಾ, ನಾಳೆ ಹರ್ತಿ ಹೊಲಕ್ಕ ನೀನ ಹೋಗ್ಬೇಕಂತ."

"ಆತು ಅಂತ ಹೇಳು."

"ಅಪ್ಪಾ, ಆತಂತ್ರಿ."

ರೊಟ್ಟಿ ಮುರಿಯುವ ಕೈ ನಿಲ್ಲುತ್ತಿರಲಿಲ್ಲ, ಒಬ್ಬರ ಕಣ್ಣು ಇನ್ನೊಬ್ಬರ ಕಡೆ ಹೊರಳುತ್ತಿರಲಿಲ್ಲ. ಮೊದಮೊದಲು ನನಗೆ ಇದರಲ್ಲಿ ಒಂದು ಹೆಚ್ಚುಗಾರಿಕೆ ಅನ್ನಿಸುತ್ತಿತ್ತು, ಸುಳ್ಳೇಕೆ ಹೇಳಲಿ. ದೊಡ್ಡವರಿಬ್ಬರೂ ನನ್ನನ್ನೇ ಕಾಯುತ್ತಾರೆ, ನಾನು ಬಾಯಿ ಬಿಟ್ಟರೇ ಮನೆಯ ಕೆಲಸ ಸಾಗುತ್ತದೆ ಎಂಬ ಜಂಬ. ಬರಬರುತ್ತ ಊಟಕ್ಕೆ ಕೂರುವುದೇ ಬೇಡವಾಯಿತು. ಅಪ್ಪ ಸಿಟ್ಟಿನಲ್ಲಿ ಅಂದದ್ದನ್ನು ಯಾವ ದನಿಯಲ್ಲಿ ಹೇಳಲಿ, ಕಾಕಾ ವ್ಯಂಗ್ಯವಾಗಿ ಅಂದದ್ದನ್ನು ಹೇಗೆ ಒಪ್ಪಿಸಲಿ ಎಂದು ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ನನ್ನದೇ ಒಂದು ಮಾತು ಆಡಬೇಕೆಂದರೆ ಜಾಗವೇ ಇರುತ್ತಿರಲಿಲ್ಲ.

ಮಾತು ನಿಂತದ್ದು ಅಜ್ಜ ತೀರಿಕೊಂಡ ದಿನದಿಂದ. ಅಷ್ಟು ಎಲ್ಲರಿಗೂ ಗೊತ್ತಿತ್ತು. ಆ ಮಧ್ಯಾಹ್ನ ನಾನು ಶಾಲೆಯಲ್ಲಿದ್ದೆ. ಅವ್ವ ಮತ್ತು ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮೆಣಸಿನಕಾಯಿ ಬಿಡಿಸಲು ಹರ್ತಿ ಹೊಲಕ್ಕೆ ಹೋಗಿದ್ದರು. ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ ಅಜ್ಜನ ಹತ್ತಿರ ಇದ್ದವರು ಅಪ್ಪ ಒಬ್ಬರೇ. ಕಾಕಾ ಮೇಲೆ ಮಾಳಿಗೆ ಕೋಣೆಯಲ್ಲಿ ತನ್ನ ರೇಡಿಯೋದ ಮುಂದೆ ಇದ್ದ. ಅಜ್ಜನ ಬಾಯಿಗೆ ನೀರು ಬಿಟ್ಟದ್ದು ಒಬ್ಬ ಮಗ ಮಾತ್ರ. ಇನ್ನೊಬ್ಬ ಮಗ ಚಹಾದ ಹೊತ್ತಿಗೆ ಕೆಳಗಿಳಿದು ಬಂದಾಗ ಎಲ್ಲ ಮುಗಿದಿತ್ತು. ಸಾಯುವ ತಂದೆಯ ಹತ್ತಿರ ಬಾರದ ತಮ್ಮನ ಮೇಲೆ ಅಣ್ಣನಿಗೆ ಸಿಟ್ಟು ಎಂದು ಓಣಿಯವರು ತಿಳಿದುಕೊಂಡರು. ಅಪ್ಪ ಮಾತ್ರ ಅದರ ಬಗ್ಗೆ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ, ಮನೆಯ ಮರ್ಯಾದೆ ನೋಡಿ. ನನಗೆ ತಿಳಿಯದೇ ಇದ್ದದ್ದು ಬೇರೆಯೇ ಇತ್ತು. ತಪ್ಪು ಕಾಕಾನದೇ ಆಗಿದ್ದರೆ ಅವನು ತಲೆ ತಗ್ಗಿಸಿಕೊಂಡು ಇರಬೇಕಾಗಿತ್ತು. ಅವನಿಗೂ ಅಷ್ಟೇ ಸಿಟ್ಟಿತ್ತು. ಅದು ಯಾತಕ್ಕೆ?

ಆ ಮಾಳಿಗೆ ಕೋಣೆಗೆ ಅಪ್ಪ ಕಾಲಿಡುತ್ತಿರಲಿಲ್ಲ. ಕಾಕಾ ಸರಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಹಳೆಯ ಸಾಮಾನು ಕೂಡಿಸಿ, ಮನೆಯಲ್ಲೇ ಕೂತು ದೂರದೇಶದವರಿಗೆ ಸುದ್ದಿ ಕಳಿಸುವ ಹ್ಯಾಮ್ ರೇಡಿಯೋ ಕಟ್ಟಿದಾಗಲೇ ಅಪ್ಪನಿಗೆ ಸೇರಿರಲಿಲ್ಲ. ಮಾಳಿಗೆಯಿಂದ ಬೇವಿನ ಗಿಡದ ತನಕ ಎಳೆದ ತಾಮ್ರದ ತಂತಿ ನೋಡಿ, "ಅರವಿ ಒಣಹಾಕಾಕೂ ಬರಂಗಿಲ್ಲ ಅದು" ಎಂದು ಬಿಟ್ಟಿದ್ದರು. ನನಗಾದರೋ ಆ ಕೋಣೆಯೇ ಮನೆಯಾಗಿತ್ತು. ಬೆಸುಗೆಯ ವಾಸನೆ, ಬಿಸಿಯಾದ ವಾಲ್ವುಗಳ ಕೆಂಪು ಬೆಳಕು, ದೇಶ ದೇಶದ ಹ್ಯಾಮ್‌ಗಳು ಕಳಿಸಿ ಗೋಡೆಗೆ ಅಂಟಿಸಿದ ಕಾರ್ಡುಗಳು. ಕಾಕಾ ಬಾಯಿಂದ ಮಾತಾಡುವ ಹ್ಯಾಮ್ ಅಲ್ಲ. ಮೋರ್ಸ್ ಕೀ ಬಡಿದು ಗಿಡ್ಡ-ಉದ್ದ ಸದ್ದುಗಳಲ್ಲೇ ಅಕ್ಷರ ಕಳಿಸುವವನು. ಹಳೆಯ ಮಿಲಿಟರಿ ಹೆಡ್‌ಫೋನ್ ಏರಿಸಿಕೊಂಡು ಕೂತನೆಂದರೆ ಮುಗಿಯಿತು, ತನ್ನ ಬಡಿತ ಮತ್ತು ದೂರದವನ ಬಡಿತ ಬಿಟ್ಟು ಅವನಿಗೆ ಜಗತ್ತಿಲ್ಲ. ನಾನು ಭುಜ ಹಿಡಿದು ಅಲ್ಲಾಡಿಸಿಯೇ ಕರೆಯಬೇಕು. ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ಅವನ ಹತ್ತಿರ ಗಿಡ್ಡ ಸದ್ದು ಡಿಟ್, ಉದ್ದ ಸದ್ದು ಡಾ ಎಂದು ಕಲಿತೆ. ಎ ಅಂದರೆ ಡಿ-ಡಾ. ಎನ್ ಅಂದರೆ ಡಾ-ಡಿಟ್. ಉಣ್ಣುವಾಗ ತಾಟಿನ ಅಂಚಿಗೆ ಬೆರಳಿನಿಂದ ನನ್ನ ಹೆಸರು ಬಡಿದು ಅವ್ವನಿಂದ ಬೈಸಿಕೊಂಡಿದ್ದೇನೆ.

ಒಂದು ದಿನ ಕಾಕಾನ ಹುಬ್ಬಳ್ಳಿಯ ಹ್ಯಾಮ್ ಗೆಳೆಯರೊಬ್ಬರು ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟರು. ಅವರ ಅಳಿಯ ದುಬೈಯಿಂದ ತಂದದ್ದು, ಅವರಿಗೆ ಪುರುಸೊತ್ತಿರಲಿಲ್ಲ, ನೀನೇ ಆಡಿಸಿ ನೋಡು ಎಂದು ಬಿಟ್ಟುಹೋದರು. ಶಾಲೆಯ ಪಾಟಿಯಷ್ಟು ದೊಡ್ಡದು, ಮೇಲೆ ರಬ್ಬರಿನ ಗುಂಡಿಗಳು. ಪರದೆ ಇಲ್ಲ, ಟಿ.ವಿ.ಗೆ ಜೋಡಿಸಬೇಕು. ಜೊತೆಗಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಪ್ರೋಗ್ರಾಂ ಅಚ್ಚಾಗಿತ್ತು. ಅದನ್ನು ಹೊಡೆದು ಕೂಡಿಸಿದರೆ ಮೋರ್ಸ್ ಸದ್ದನ್ನು ಕಂಪ್ಯೂಟರೇ ಕೇಳಿ ಅಕ್ಷರ ಮಾಡಿ ಟಿ.ವಿ.ಯ ಮೇಲೆ ತೋರಿಸುತ್ತದೆ ಎಂದು ಬರೆದಿತ್ತು. ಕಾಕಾ ಅದನ್ನು ಮತ್ತೆ ಮತ್ತೆ ಓದಿದ. ಆದರೆ ಮನೆಯಲ್ಲಿದ್ದ ಟಿ.ವಿ. ಅಪ್ಪ ತಂದದ್ದು, ಮುಚ್ಚುವ ಬಾಗಿಲಿನ ಕಪ್ಪು-ಬಿಳುಪು ಪೆಟ್ಟಿಗೆ. ಮತ್ತೆ ನನ್ನ ಚಾಕರಿ.

"ಅಪ್ಪಾ, ಕಾಕಾ ಟಿ.ವಿ. ಕೇಳಾಕತ್ತಾನ್ರಿ, ಮಾಳಗಿಗೆ."

"ಟಿ.ವಿ. ಪಡಸಾಲಿ ಬಿಟ್ಟು ಹೋಗಂಗಿಲ್ಲಂತ ಹೇಳು. ಆ ಹಾರ್ಮೋನಿಯಂ ಮರೀನ್ನ ಬೇಕಾದ್ರ ಕೆಳಗ ತರ್ಲಿ."

ಹೀಗಾಗಿ ಕಂಪ್ಯೂಟರ್ ಕೆಳಗೆ ಬಂತು. ಮೋರ್ಸ್ ಕೀ ಮೇಲೆಯೇ ಉಳಿಯಿತು, ಕಾಕಾ ಪಡಸಾಲೆಯಲ್ಲಿ ಅಪ್ಪನ ಎದುರು ಕೂರುವವನಲ್ಲ. ಬೆಳಕಿಂಡಿಯ ತೂತಿನಿಂದ ಅವನು ಒಂದು ತಂತಿ ಇಳಿಬಿಟ್ಟ. ಮೇಲೆ ಕೀ ಒತ್ತಿದರೆ ಸಣ್ಣ ಕೀಂ ದನಿ ಆ ತಂತಿಯಲ್ಲಿ ಇಳಿದು ಕಂಪ್ಯೂಟರಿನೊಳಗೆ ಹೋಗಬೇಕು, ಅಷ್ಟೇ. ಅದು ಆಕಾಶಕ್ಕೆ ಹೋಗುವ ಮಾತಲ್ಲ, ಮನೆಯೊಳಗಿನದು. ಕೆಳಗೆ ಕೂತು ಪ್ರೋಗ್ರಾಂ ಹೊಡೆಯುವವಳು ನಾನು. ರಬ್ಬರ್ ಗುಂಡಿ ಒತ್ತಿ ಒತ್ತಿ ಬೆರಳ ತುದಿ ಬಾತು ಹೋಗುತ್ತಿತ್ತು. ಅರ್ಧಕ್ಕೆ ಬಂದಾಗ ಕರೆಂಟ್ ಹೋಗುತ್ತಿತ್ತು, ಹೊಡೆದದ್ದೆಲ್ಲ ಅಳಿಸಿ ಹೋಗುತ್ತಿತ್ತು. ಗದಗಿನ ಕರೆಂಟಿಗೆ ಬೈಯುತ್ತ ಮತ್ತೆ ಮೊದಲಿನಿಂದ. ಕೊನೆಗೊಮ್ಮೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಅದನ್ನು ತುಂಬಿಟ್ಟುಕೊಳ್ಳುವುದು ಕಲಿತೆ. ಆ ಕ್ಯಾಸೆಟ್ ಹಾಕಿದಾಗ ಹೊರಡುವ ಕಿರುಚಾಟ ಕೇಳಿ ಅವ್ವ, "ಯಾರೋ ಬೆಕ್ಕಿನ ಬಾಲ ತುಳದಾಂಗ ಆತು" ಅನ್ನುತ್ತಿದ್ದಳು.

ಪ್ರೋಗ್ರಾಂ ಕೂಡಿತು, ಆದರೆ ಕಾಕಾನ ಕೈ ಅದಕ್ಕೆ ತಿಳಿಯಲಿಲ್ಲ. ಪತ್ರಿಕೆಯವರು ಬರೆದದ್ದು ತಪ್ಪದೆ ಒಂದೇ ತಾಳದಲ್ಲಿ ಬಡಿಯುವವರಿಗೆ. ನಮ್ಮ ಕಾಕಾ ಹಾಗಲ್ಲ. ಡಾ ಆದ ಮೇಲೆ ಒಂದು ಗಳಿಗೆ ತಡೆಯುತ್ತಾನೆ, ಏನೋ ನೆನಪಾದವನ ಹಾಗೆ. ಆ ತಡೆತವನ್ನು ಕಂಪ್ಯೂಟರ್ ಅಕ್ಷರ ಮುಗಿಯಿತೆಂದು ತಿಳಿದು ಒಂದು ಬಿ-ಯನ್ನು ಟಿ ಮತ್ತು ಎಸ್ ಎಂದು ಎರಡಾಗಿ ಸೀಳಿ ಹಾಕುತ್ತಿತ್ತು. ಟಿ.ವಿ.ಯ ತುಂಬ ಅರ್ಥವಿಲ್ಲದ ಅಕ್ಷರಗಳು. ನಾನು ಅಳುವುದೊಂದು ಬಾಕಿ. ಆಗ ಆ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದೆ. ಒಂದು ಸಾಲಿನಲ್ಲಿ ಒಂದು ಸಂಖ್ಯೆ ಇತ್ತು. ಎಷ್ಟು ಹೊತ್ತು ಸುಮ್ಮನಿದ್ದರೆ ಅಕ್ಷರ ಮುಗಿಯಿತೆಂದು ತಿಳಿಯಬೇಕು ಎಂಬುದರ ಅಳತೆ ಅದು. ಅದನ್ನು ಸ್ವಲ್ಪ ಹೆಚ್ಚಿಸಿದೆ. ಇನ್ನೂ ಸ್ವಲ್ಪ. ಮೇಲಕ್ಕೆ ಓಡಿಹೋಗಿ ಕಾಕಾನ ಭುಜ ಅಲ್ಲಾಡಿಸಿ "ಮತ್ತೊಮ್ಮೆ" ಅನ್ನುವುದು, ಕೆಳಕ್ಕೆ ಓಡಿಬಂದು ನೋಡುವುದು. ಬಿ ಇಡಿಯಾಗಿ ಬಂದು ನಿಂತ ದಿನ ನನಗಾದದ್ದು ಬರೀ ಸಂತೋಷ ಅಲ್ಲ. ಈ ಮನೆಯಲ್ಲಿ ಯಾರೂ ಯಾರಿಗಾಗಿಯೂ ತಡೆಯುತ್ತಿರಲಿಲ್ಲ. ಈ ಪಾಟಿಯಂಥ ಯಂತ್ರಕ್ಕೆ ನಾನು ಹೇಳಿದರೆ ಅದು ನನ್ನ ಕಾಕಾ ಮಾತು ಮುಗಿಸುವ ತನಕ ತಡೆಯುತ್ತದೆ. ಮುಂದೆ ಮೂವತ್ತು ವರ್ಷ ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆದವಳು ನಾನು. ಆ ಹುಚ್ಚು ಹಿಡಿದದ್ದು ಅಲ್ಲಿ, ಆ ಒಂದು ಸಂಖ್ಯೆಯ ಹತ್ತಿರ.

ಅದೇ ಹೊತ್ತಿಗೆ ಮನೆ ಪಾಲಾಗುವ ಮಾತು ಹಣ್ಣಾಗಿತ್ತು. ಮುಂಡರಗಿಯಿಂದ ಅವ್ವನ ಅಣ್ಣ, ಲಕ್ಷ್ಮೇಶ್ವರದಿಂದ ಚಿಗವ್ವನ ಅಣ್ಣ ಬಂದು ಕೂತು, ಇಬ್ಬರನ್ನೂ ಎದುರು ಬದುರು ಕೂರಿಸಿದರು. ಮಾತು ಬಿಟ್ಟವರು ಹಿರಿಯರ ಮುಂದೆಯೂ ಮಾತಾಡಲಿಲ್ಲ. ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದು, ಮಾಳಿಗೆಗೆ ಹತ್ತುವ ಪಾವಟಿಗೆ ಇರುವ ಭಾಗ ಕಾಕಾನಿಗೆ, ಟಿ.ವಿ. ಇರುವ ಭಾಗ ಅಪ್ಪನಿಗೆ ಎಂದು ತೀರ್ಮಾನವಾಯಿತು. ಅಮಾವಾಸ್ಯೆ ಕಳೆದ ಮೇಲೆ ಗೋಡೆ ಕಟ್ಟುವ ಗೌಂಡಿ ಬರುವವನಿದ್ದ. ಅಂಗಳದಲ್ಲಿ ಇಟ್ಟಂಗಿ ತಂದು ಪೇರಿಸಿದರು. ನಾನು ಶಾಲೆಗೆ ಹೋಗುವಾಗ ಅವುಗಳ ಕಡೆ ನೋಡುತ್ತಿರಲಿಲ್ಲ. ಗೋಡೆ ಎದ್ದರೆ ನನಗೆ ಮಾಳಿಗೆ ಇಲ್ಲ, ಕಾಕಾ ಇಲ್ಲ, ಎರಡು ಬಾಗಿಲ ನಡುವೆ ಅಂಗಳದಲ್ಲಿ ನಿಂತು ಸುದ್ದಿ ಮುಟ್ಟಿಸುತ್ತ ನನ್ನ ಜನ್ಮ ಸವೆಯುತ್ತದೆ ಎಂದು ಹೆದರಿಕೆ. ಒಂದು ಸಂಜೆ ಮಾಳಿಗೆಯಲ್ಲಿ ಕಾಕಾನನ್ನು ಕೇಳಿಯೇಬಿಟ್ಟೆ.

"ಕಾಕಾ, ನೀ ಮೊದಲ ಮಾತಾಡಿದ್ರ ಏನಾಗ್ತೈತಿ?"

"ಅಂವ ಅಣ್ಣ ಅದಾನ. ಅಂವ ಬಿಟ್ಟಾನ, ಅಂವನ ಹಿಡೀಬೇಕು."

"ಹೋಗ್ಲಿ, ನಾ ಹೇಳ್ತೀನಿ. ಏನ್ ಹೇಳ್ಬೇಕು ಹೇಳು."

ಕಾಕಾ ಹೆಡ್‌ಫೋನಿನ ವೈರು ಬೆರಳಿಗೆ ಸುತ್ತಿಕೊಳ್ಳುತ್ತ ಕೂತ.

"ಒಂದ ಮಾತು ಕೇಳೂದೈತಿ ಅವಗ. ಅದು ನಿನ್ನ ಬಾಯಾಗ ಹಾಕೂ ಮಾತಲ್ಲ, ಬಿಡು."

ಅಮಾವಾಸ್ಯೆ ಇನ್ನೇನು ಬಂತು ಅನ್ನುವಾಗ ಒಂದು ರವಿವಾರ, ಅಂಗಡಿ ಬಂದ್. ಊಟ ಮುಗಿದಿತ್ತು. ಅಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದರು. ಪ್ರೋಗ್ರಾಂ ಈಗ ತಪ್ಪಿಲ್ಲದೆ ನಡೆಯುತ್ತಿತ್ತು, ಎಲ್ಲರಿಗೂ ತೋರಿಸಬೇಕೆಂದು ನನಗೆ ಆಸೆ. ಬೆಟಗೇರಿ ಎಂದು ಕಳಿಸು ಅಂತ ಹೇಳಲು ಮೇಲೆ ಹೋದೆ. ಕಾಕಾ ಕೇಳಿದ:

"ನಿಮ್ಮಪ್ಪ ಮನ್ಯಾಗ ಅದಾನೇನು?"

"ಹೂಂ, ಟಿ.ವಿ. ಎದುರಿಗೇ ಕುಂತಾರ."

"ನೋಡ್ತಾನಂತೇನು?"

"ನಾ ತೋರಸ್ತೀನಿ."

"ಆತು, ಹೋಗು" ಎಂದು ಹೆಡ್‌ಫೋನ್ ಏರಿಸಿಕೊಂಡ. ನಾನು ಕೆಳಗೆ ಬಂದು ಅವ್ವನನ್ನೂ ಚಿಗವ್ವನನ್ನೂ ಅಡುಗೆ ಮನೆಯಿಂದ ಎಳೆದು ತಂದೆ. ಚಿಗವ್ವ ಬಾವನ ಮುಂದೆ ಬರುವವಳಲ್ಲ, ಸೆರಗು ಎಳೆದುಕೊಂಡು ಬಾಗಿಲ ಸಂದಿಯಲ್ಲಿ ನಿಂತಳು. ಟಿ.ವಿ.ಯಲ್ಲಿ ಒಂದೊಂದೇ ಅಕ್ಷರ ಮೂಡಿ ಬೆಟಗೇರಿ ಎಂದಾಯಿತು. ಅವ್ವ ಗಲ್ಲಕ್ಕೆ ಬೆರಳಿಟ್ಟಳು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಹತ್ತಿ ಗಂಟಿನ ಮೇಲಿನ ಗುರುತುಗಳನ್ನು ಓದಿ ಓದಿ ಅಕ್ಷರಗಳು ಚೆನ್ನಾಗಿ ಗೊತ್ತು. ಪೇಪರ್ ಕೆಳಗಿಳಿಸಿ ತಾವೇ ಕೂಡಿಸಿ ಓದಿದರು. "ಬೆ-ಟ-ಗೇ-ರಿ. ಹೂಂ, ಭಾರಿ ಮಾಡೀರಿ" ಎಂದರು. ನನಗೆ ಆಕಾಶ ಮೂರೇ ಗೇಣು.

ಸ್ವಲ್ಪ ಹೊತ್ತು ಪರದೆ ಸುಮ್ಮನಿತ್ತು. ಆಮೇಲೆ ಎ ಬಂತು. ಎನ್. ಮತ್ತೊಂದು ಎನ್. ಎ.

ಅಪ್ಪ ಕೂಡಿಸಿ ಓದಿದ್ದು ನನಗೆ ಕೇಳಿಸಿತು. "ಅಣ್ಣ." ಅಜ್ಜ ಹೋದ ಮೇಲೆ ಆ ಮನೆಯಲ್ಲಿ ಅಪ್ಪನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅಪ್ಪನ ಕೈಯಿಂದ ಪೇಪರ್ ಜಾರಿತು. ಅಕ್ಷರಗಳು ಬರುತ್ತಲೇ ಇದ್ದವು, ಇಂಗ್ಲಿಷ್ ಅಕ್ಷರದಲ್ಲಿ ನಮ್ಮದೇ ಮಾತು. ಕಾಕಾ ತಡೆದಲ್ಲೆಲ್ಲ ಕಂಪ್ಯೂಟರೂ ತಡೆಯುತ್ತಿತ್ತು. ಅವ್ವನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. "ಏನಂತ ಬಂತು? ಓದ" ಎಂದು ನನ್ನ ತೋಳು ಹಿಡಿದಳು. ನಾನು ಗಟ್ಟಿಯಾಗಿ ಓದಿದೆ.

"ಅಣ್ಣ, ಅಪ್ಪ ಹೋಗಾಗ ನನ್ನ ಯಾಕ ಕರೀಲಿಲ್ಲ?"

ಅಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಹೋಯಿತು.

"ನಾ ಕರದಿದ್ದೆ" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. "ಪಾವಟಗಿ ತನಕ ಹೋಗಿ ಕರದಿದ್ದೆ. ಎರಡು ಸಲ ಕರದಿದ್ದೆ. ಅಪ್ಪನ್ನ ಒಬ್ಬಾಂವನ್ನ ಬಿಟ್ಟು ಮ್ಯಾಲ ಹ್ಯಾಂಗ ಹೋಗ್ಲಿ? ಬರ್ಲಿಲ್ಲ ಅಂವ. ಗಿರಿಜಾ, ಅವಗ ಹೇಳು, ನಾ ಕರದಿದ್ದೆ ಅಂತ ಹೇಳು."

ನಾನು ಏಳಬೇಕಾಗಿತ್ತು. ಏಳಲು ಕಾಲು ಮುಂದಿಟ್ಟಿದ್ದೆ ಕೂಡ. ಅಷ್ಟರಲ್ಲಿ ನನಗೆ ಏನಾಯಿತೋ, ಇಷ್ಟು ದಿನ ಗಂಟಲಲ್ಲಿ ನಿಂತ ತುತ್ತೆಲ್ಲ ಒಮ್ಮೆಲೇ ಮೇಲೆ ಬಂದ ಹಾಗಾಯಿತು.

"ನಾ ಹೇಳಂಗಿಲ್ರಿ. ನೀವ ಹೇಳ್ರಿ."

ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು. ಆದರೂ ನಾನು ಏಳಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡಿದರು. ನೋಡಿ, ತಾವೇ ಎದ್ದರು. ಪಾವಟಿಗೆಯ ಬುಡಕ್ಕೆ ಹೋಗಿ ನಿಂತು ಮೇಲಕ್ಕೆ ಮುಖ ಮಾಡಿ ಕೂಗಿದರು.

"ಶಿವ್ಯಾ."

ಟಿ.ವಿ.ಯಲ್ಲಿ ಅಕ್ಷರಗಳು ಬರುತ್ತಿದ್ದವು. "ನಾ ಮ್ಯಾಲ ಇದ್ನಲ್ಲ."

"ಏ ಶಿವ್ಯಾ."

ಓಣಿಯ ತುದಿಗೆ ಕೇಳುವಂಥ ದನಿ. ಹತ್ತಿ ಅಂಗಡಿಯಲ್ಲಿ ಗಾಡಿಯವರನ್ನು ಕೂಗಿ ಪಳಗಿದ ಗಂಟಲು. ಅಕ್ಷರಗಳು ನಿಲ್ಲಲಿಲ್ಲ. "ಒಂದ ಸಲ ಕರದಿದ್ರ ಬರ್ತಿದ್ದೆ" ಎಂದಾಯಿತು. ಅಪ್ಪ ಹೊರಳಿ ಅದನ್ನು ನೋಡಿದರು, ಮೇಲೆ ನೋಡಿದರು, ಮತ್ತೆ ಕೂಗಲು ಬಾಯಿ ತೆರೆದರು. ಆಗ ಬಾಗಿಲ ಸಂದಿಯಿಂದ ಚಿಗವ್ವ ಮಾತಾಡಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಬಾವನ ಎದುರು ಅವಳು ಆಡಿದ ಮೊದಲ ಮಾತು ಅದು.

"ಅವರಿಗೆ ಕೇಳಂಗಿಲ್ರಿ. ಕಿವಿಗೆ ಅದನ್ನ ಹಾಕ್ಕೊಂಡ್ರ ಗುಡುಗೂ ಕೇಳಂಗಿಲ್ಲ. ಮ್ಯಾಲ ಹೋಗಿ ಮೈ ಮುಟ್ಟಿ ಕರೀಬೇಕ್ರಿ."

"ಯಾವಾಗ್ಲೂ ಹಂಗನ?" ಎಂದು ಅಪ್ಪ ಕೇಳಿದರು. ಅವರೂ ಅವಳ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಯಾವಾಗ್ಲೂ ಹಂಗ ರೀ. ನಮಗೆಲ್ಲಾ ಗೊತ್ತೈತಿ."

ನಮಗೆಲ್ಲ ಗೊತ್ತಿತ್ತು, ಖರೆ. ಅಪ್ಪ ಆವತ್ತು ಕರೆದಿದ್ದರೆಂಬುದು ನಮಗೆ ಗೊತ್ತಿರಲಿಲ್ಲ. ಮಾಳಿಗೆ ಹತ್ತದ ಅಪ್ಪನಿಗೆ ಹೆಡ್‌ಫೋನಿನ ಸಂಗತಿ ಗೊತ್ತಿರಲಿಲ್ಲ. ಕಾಕಾನಿಗೆ ಯಾವುದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸಾಲಿನಲ್ಲಿ ಕೂತು ಉಂಡಿದ್ದೇ ಉಂಡಿದ್ದು. ಅಪ್ಪ ಕೆಳಗಿನ ಪಾವಟಿಗೆಯ ಮೇಲೆ ಕೂತುಬಿಟ್ಟರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಜ್ಜನ ಮಣ್ಣಿನ ಹೊತ್ತಿನಲ್ಲೂ ಅಳದ ಮನುಷ್ಯ ಹೆಗಲು ಕುಣಿಸಿ ಅತ್ತದ್ದು ನೋಡಿ ನನಗೆ ಭಯವಾಯಿತು. ಆಮೇಲೆ ಎದ್ದು, ಕಣ್ಣು ಒರೆಸಿಕೊಳ್ಳದೆ, ಒಂದೊಂದೇ ಪಾವಟಿಗೆ ಹತ್ತಿ ಮೇಲೆ ಹೋದರು. ಟಿ.ವಿ.ಯ ಮೇಲೆ ಒಂದು ಮಾತು ಅರ್ಧಕ್ಕೆ ನಿಂತಿತು.

ಮೇಲೆ ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಕೇಳಿಸಿಕೊಳ್ಳಲು ಅವ್ವ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಇಳಿದು ಬಂದರು, ಇಬ್ಬರ ಕಣ್ಣೂ ಊದಿದ್ದವು. ಊಟಕ್ಕೆ ಕೂತಾಗ ಅಪ್ಪ "ಶಿವ್ಯಾ, ಇನ್ನೊಂದು ರೊಟ್ಟಿ ಹಾಕಿಸ್ಕೋ" ಎಂದರು. ಕಾಕಾ "ಸಾಕಣ್ಣ" ಎಂದ. ನಾನು ನಡುವೆ ಕೂತಿದ್ದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಇಷ್ಟು ದಿನ ಬೇಡಿಕೊಂಡದ್ದು ಕೈಗೆ ಸಿಕ್ಕಿತ್ತು, ಆದರೆ ಆವತ್ತು ಉಣ್ಣುವಾಗ ಮನೆಯಲ್ಲಿ ನನಗೆ ಕೆಲಸವೇ ಇಲ್ಲ ಅನ್ನಿಸಿ ಒಂದು ಥರ ಸಂಕಟವಾಯಿತು. ಹಾಗೆ ಅನ್ನಿಸಬಾರದಾಗಿತ್ತು, ಅನ್ನಿಸಿತು.

ಇನ್ನು ಗೋಡೆಯ ಮಾತಿಲ್ಲ, ಇಟ್ಟಂಗಿ ತಿರುಗಿ ಹೋಗುತ್ತವೆ ಎಂದು ನಾನು ನಂಬಿಕೊಂಡೆ. ಅಮಾವಾಸ್ಯೆ ಕಳೆಯಿತು. ಗೌಂಡಿ ಬಂದ. ಪಡಸಾಲೆಯ ನಡುವೆ ದಾರ ಹಿಡಿದು ಗುರುತು ಹಾಕಿದ. ಅಪ್ಪ ಮತ್ತು ಕಾಕಾ ಇಬ್ಬರೂ ಸೇರಿ, ಪರಸ್ಪರ ಮಾತಾಡುತ್ತಲೇ, ಇಟ್ಟಂಗಿ ಎತ್ತಿ ಕೊಡುತ್ತಿದ್ದರು. ನೋಡಲಾರದೆ ನಾನು ಹೊರಗೆ ಹೋದೆ. ಕಾಕಾ ನೀರು ತರಲು ಹಿತ್ತಲಿಗೆ ಹೋದಾಗ ಒಳಗೆ ಬಂದು ಅಪ್ಪನ ಮುಂದೆ ನಿಂತೆ.

"ಈಗ ಮಾತಾಡ್ತೀರೆಲ್ರಿ. ಮತ್ತ ಗ್ವಾಡಿ ಯಾಕ?"

ಅಪ್ಪ ಕೈಗೆ ಹತ್ತಿದ್ದ ಸುಣ್ಣ ಉದುರಿಸಿಕೊಂಡರು.

"ಅವನ ಮ್ಯಾಲ ಸಿಟ್ಟಿತ್ತು, ಅದನ್ನ ಹೊತ್ಗೊಂಡು ಅವನ ಕೂಡ ಒಂದ ಮನ್ಯಾಗ ಇರಾಕ ಬಂತು ನನಗ. ಈಗ ನನ್ನ ಮ್ಯಾಲ ನನಗ ಸಿಟ್ಟು ಬಂದೈತಿ. ಅವನ ಮಾರಿ ಕಂಡಾಗೊಮ್ಮೆ ಅದು ಎದ್ದು ನಿಂದರತೈತಿ. ಒಂದು ಗಳಿಗಿ ಅಪ್ಪನ ಕೈ ಬಿಟ್ಟು ಮ್ಯಾಲ ಹತ್ತಿ ಹೋಗಿದ್ರ ಆಗ್ತಿತ್ತವ್ವಾ. ಇಬ್ರೂ ಮಕ್ಕಳ ಕಡಿಂದ ನೀರು ಕುಡದು ಹೋಗ್ತಿದ್ದ ಅಪ್ಪ. ನಾ ಹತ್ತಲಿಲ್ಲ."

ಕಾಕಾ ಕೊಡ ಹೊತ್ತು ಬಂದ. ಅಪ್ಪ ಅವನ ಕೈಯಿಂದ ಕೊಡ ಇಳಿಸಿಕೊಂಡು ಗೌಂಡಿಯ ಕಡೆ ತಿರುಗಿ, "ಇನ್ನೂ ಎತ್ತರ ಬರ್ಲಿ" ಎಂದರು.